ದೇಶಕ್ಕೊಂದು ಹಂಡೆ

ಆಗ ನನಗೆ ಮೂವತ್ತೆರಡು ವರ್ಷ. ಇಂದಿಗೆ ನಲವತ್ತು ವರ್ಷ ಹಿಂದಿನ ಮಾತು. ಬನಹಟ್ಟಿಯ ನಮ್ಮ ಓಣಿಯ ಬಣ್ಣಗಾರ ಕಾಕಾ ಬಲಗಿವಿಯ ಮೇಲೆ ನೂಲಿನ ಒಂದು ಕುಚ್ಚು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು, ಬಡಿಗ ಪೆನ್ಸಿಲ್ಲು ಸಿಕ್ಕಿಸಿಕೊಂಡ ಹಾಗೆ. ಆ ದಿನ ಹಂಡೆಯಲ್ಲಿ ಯಾವ ಬಣ್ಣ ಇಳಿಯಬೇಕೋ ಆ ಬಣ್ಣದ ಕುಚ್ಚು. ನಾವು ಹೆಂಗಸರು ನೀರಿಗೆ ಹೋಗುವಾಗ ಕಾಕಾನ ಕಿವಿ ನೋಡಿ "ಇವತ್ತ ಮೆಂತ್ಯೆ ಹಸರು", "ಇವತ್ತ ಈರುಳ್ಳಿ ಸಿಪ್ಪಿ" ಅಂತ ಹೇಳಿಕೊಳ್ಳುತ್ತಿದ್ದೆವು. ಕುಚ್ಚನ್ನು ಊಟಕ್ಕೂ ತೆಗೆಯುತ್ತಿರಲಿಲ್ಲ, ಗುಡಿಗೂ ತೆಗೆಯುತ್ತಿರಲಿಲ್ಲ. ಒಮ್ಮೆ ಯಾರದೋ ಮಣ್ಣಿಗೆ ಹೋದಾಗಲೂ ಕಿವಿ ಮೇಲೆ ಗುಲಾಬಿ ಕುಚ್ಚು ಹಾಗೇ ಇತ್ತು. ಸತ್ತವರ ಮನೆಯವರು ಸಿಟ್ಟಾಗಲಿಲ್ಲ. ಅವರೂ ನೇಕಾರರೇ.

ಕಾಕಾ ನನಗೆ ಸಂಬಂಧಿ ಅಲ್ಲ. ನಾನು ಚಿಮ್ಮಡದಿಂದ ಸೊಸೆಯಾಗಿ ಬಂದವಳು. ಗಂಡ ಸಾವ್ಕಾರರ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಸಾವ್ಕಾರರು ನೂಲು ಕೊಟ್ಟು ಬಣ್ಣ ಹಾಕಿಸಿ, ನೇಯಿಸಿ, ಸೀರೆ ಮಾರುವವರು. ಆ ನೂಲಿಗೆಲ್ಲ ಬಣ್ಣ ಹಾಕುವುದು ಕಾಕಾ. ನಾನು ಕಾಕಾನ ಹಿತ್ತಲಲ್ಲಿ ಕೂಲಿ. ಹಂಡೆಯಿಂದ ತೆಗೆದ ಹಸಿ ಲಡಿಗಳನ್ನು, ಅಂದರೆ ನೂಲಿನ ಸುರುಳಿಗಳನ್ನು, ಹೊತ್ತು ಬಿದಿರ ಗಳಕ್ಕೆ ಹಾಕುವುದು, ತಿರುವುವುದು, ಒಣಗಿದ್ದನ್ನು ಕಟ್ಟುವುದು. ಅಷ್ಟೇ. ಹಂಡೆಯ ಹತ್ತಿರ ನನಗೆ ಪ್ರವೇಶ ಇರಲಿಲ್ಲ. ಹೆಣ್ಣಿನ ನೆರಳು ಬಿದ್ದರೆ ಬಣ್ಣ ಒಡೆಯುತ್ತದೆ ಎಂದು ಅವರ ಅಪ್ಪನ ಕಾಲದಿಂದ ನಡೆದು ಬಂದದ್ದು. ಲಡಿ ತುಂಬಿದ ಬುಟ್ಟಿಯನ್ನು ಕಾಕಾ ನಡುದಾರಿಯ ಕಲ್ಲಿನ ತನಕ ತಂದಿಡುತ್ತಿದ್ದರು, ನಾನು ಅಲ್ಲಿಂದ ಎತ್ತುತ್ತಿದ್ದೆ. ಕಾಕಾನ ಹೆಂಡತಿ ಕಾಕುವೂ ಆ ಕಲ್ಲು ದಾಟುತ್ತಿರಲಿಲ್ಲ.

ಇನ್ನೊಂದು ನೇಮ ಇತ್ತು. ಹೊತ್ತು ಮುಳುಗಿದ ಮೇಲೆ ಬಣ್ಣದ ಮಾತೇ ಆಡುತ್ತಿರಲಿಲ್ಲ. ಯಾರಾದರೂ ಸಂಜೆ ಕಂದೀಲು ಹಿಡಿದು ಲಡಿ ತೋರಿಸಲು ಬಂದರೆ ಬೈದು ಕಳಿಸುತ್ತಿದ್ದರು. "ಮುಂಜಾನಿ ಬಿಸಲಿಗೆ ತೊಗೊಂಡ ಬಾ. ದೀಪದಾಗ ಎಲ್ಲಾರೂ ಚೆಂದ ಕಾಣ್ತಾರ" ಅನ್ನುತ್ತಿದ್ದರು.

ಬಾಯಿ ಜೋರು. ಆದರೆ ಬೈಗುಳಕ್ಕಿಂತ ಪ್ರಶ್ನೆ ಜಾಸ್ತಿ. ಬಸ್ಸಿನ ಕಂಡಕ್ಟರನನ್ನು ಹಿಡಿದು ಟೈರಿನ ರಬ್ಬರು ಕಪ್ಪು ಯಾಕೆ ಎಂದು ಕೇಳುವರು. ಬಾಡಗಂಡಿಯಿಂದ ಬಂದ ಬೀಗರಿಗೆ ಕಬ್ಬಿನ ಕಂದು ರಸದಿಂದ ಬಿಳಿ ಸಕ್ಕರೆ ಹೇಗೆ ಬರುತ್ತದೆ ಎಂದು ಕೇಳಿ ಕೇಳಿ ಅವರು ಊಟ ಬಿಟ್ಟು ಎದ್ದರಂತೆ. ಅವರದೇ ಒಂದು ಮಾತು ಇತ್ತು: "ಕೇಳಿದ್ರ ಒಂದ ಮಾತು ಹೋಗತೈತಿ. ಕೇಳದಿದ್ರ ಒಂದ ಹಂಡಿ ಹೋಗತೈತಿ."

ಆ ವರ್ಷ ನಮ್ಮ ಕಡೆಗೂ ಬಣ್ಣದ ಟಿವಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಕರಿ-ಬಿಳಿ ಟಿವಿಯನ್ನೇ ನಾವು ಎರಡೋ ಮೂರೋ ಸಲ ನೋಡಿದ್ದು. ಸಾವ್ಕಾರರು ತಮ್ಮ ಹಳೆ ಟಿವಿಯ ಗಾಜಿಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು. ಮನುಷ್ಯ ನಿಂತರೆ ತಲೆ ನೀಲಿ, ಹೊಟ್ಟೆ ಕೇಸರಿ, ಕಾಲು ಹಸಿರು. ಕುಳಿತರೆ ಇಡೀ ಮನುಷ್ಯ ಹಸಿರಾಗುತ್ತಿದ್ದ. ಅದನ್ನು ನೋಡಿ ಕಾಕಾ, "ಇದು ಬಣ್ಣ ಅಲ್ಲರಿ, ಮುಸಕು" ಎಂದು ಎದ್ದು ಬಂದಿದ್ದರು. ಈಗ ಬರುವುದು ಹಾಗಲ್ಲ, ಬಣ್ಣ ಗಾಳಿಯಲ್ಲೇ ಬರುತ್ತದೆ ಎಂದು ಓಣಿಯ ಮಾಸ್ತರರು ಹೇಳಿದರು. ಅವರು ವಿಜ್ಞಾನ ಕಲಿಸುವವರು, ಕಾಕಾನ ಎದುರು ಮನೆಯಲ್ಲಿ ಬಾಡಿಗೆಗೆ ಇದ್ದರು.

ಅಂದಿನಿಂದ ಮಾಸ್ತರರಿಗೆ ನೆಮ್ಮದಿ ಇಲ್ಲ.

"ಗಾಳ್ಯಾಗ ಹೆಂಗ ಬರತೈತ್ರಿ ಮಾಸ್ತರ? ಬಣ್ಣಕ್ಕ ನೀರ ಬೇಕು, ಬೆಂಕಿ ಬೇಕು, ಉಪ್ಪ ಬೇಕು. ಗಾಳ್ಯಾಗ ಉಪ್ಪ ಎಲ್ಲೈತಿ?"

ಮಾಸ್ತರರು ತಾಳ್ಮೆಯವರು. ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ನಾನು ಲಡಿ ತಿರುವುತ್ತ ಕೇಳುತ್ತಿದ್ದೆ. ನನಗೆ ಸಾಲಿ ಅಷ್ಟಕ್ಕಷ್ಟೆ, ಆದರೆ ಕಿವಿ ನೆಟ್ಟಗಿತ್ತು.

"ಮದ್ಲ ಅಮೇರಿಕಾದಾಗ ಬಂತ್ರಿ ಕಾಕಾ. ನಾ ಇನ್ನಾ ಅಂಗಿ ಗುಂಡಿ ಹಾಕ್ಕೊಳಾಕ ಬರದ ಹುಡುಗ ಇದ್ದೆ ಆವಾಗ. ಆಮ್ಯಾಲ ಜಪಾನ. ಅದರ ಹಿಂದ ಇಂಗ್ಲಂಡ, ಜರ್ಮನಿ, ಫ್ರಾನ್ಸ, ರಷ್ಯಾ, ಇವಷ್ಟೂ ಒಂದ ವರ್ಷದಾಗ."

"ನಮಗ?"

"ದಿಲ್ಲ್ಯಾಗ ದೇಶ ದೇಶದವರ ದೊಡ್ಡ ಆಟ ನಡದ್ವಲ್ರಿ, ಆ ವರ್ಷ. ಪಾಕಿಸ್ತಾನಕ್ಕ ನಮಗಿಂತ ಮದ್ಲ ಬಂದಿತ್ತು."

"ನಮಗಿಂತ ಮದ್ಲ?" ಕಾಕಾನ ಮುಖ ಸಣ್ಣದಾಯಿತು. ಕಿವಿಯ ಕುಚ್ಚು ಸರಿ ಮಾಡಿಕೊಂಡು ಕೇಳಿದರು: "ಅಲ್ರಿ, ಅಮೇರಿಕಾದ ಕೆಂಪು, ಜಪಾನದ ಕೆಂಪು, ಎರಡೂ ಒಂದ ನಮೂನಿ ಇರತಾವೇನು?"

ಈ ಪ್ರಶ್ನೆ ಮಾಸ್ತರರಿಗೆ ಹಿಡಿಸಿತು. ಎಲ್ಲ ದೇಶದವರೂ ಒಂದೇ ರೀತಿ ಬಣ್ಣ ಕಳಿಸುವುದಿಲ್ಲ, ಮೂರು ಬೇರೆ ಬೇರೆ ಪದ್ಧತಿ ಇವೆ, ಅಮೇರಿಕದ ಟಿವಿ ತಂದು ಇಲ್ಲಿ ಹಚ್ಚಿದರೆ ಬಣ್ಣ ಬರುವುದಿಲ್ಲ ಎಂದರು. ಅಮೇರಿಕದ ಪದ್ಧತಿಯಲ್ಲಿ ಒಮ್ಮೊಮ್ಮೆ ಮನುಷ್ಯರ ಮುಖ ಹಸಿರಾಗುತ್ತಿತ್ತಂತೆ, ಒಮ್ಮೊಮ್ಮೆ ಕೆಂಪಾಗುತ್ತಿತ್ತಂತೆ. ಅದನ್ನು ತಿದ್ದಲು ಅಲ್ಲಿನ ಟಿವಿಗೆ ಒಂದು ಗುಂಡಿಯೇ ಬೇರೆ. ಜರ್ಮನಿಯವರು ಅದನ್ನು ಸರಿಪಡಿಸಿ ತಮ್ಮದೇ ಪದ್ಧತಿ ಮಾಡಿಕೊಂಡರು. ಇಂಗ್ಲಂಡಿನವರು ಅದನ್ನೇ ಹಿಡಿದರು. ನಾವೂ ಅದನ್ನೇ. ಫ್ರಾನ್ಸು, ರಷ್ಯಾದವರದು ಮೂರನೆಯದು.

ಕಾಕಾ ತೊಡೆ ತಟ್ಟಿಕೊಂಡರು. "ಹಂಗಂದ್ರ ಅಮೇರಿಕಾದವ್ರ ಬಣ್ಣ ಒಡೀತಿತ್ತು! ಜರ್ಮನಿಯವ ಬ್ಯಾರೇ ಹಂಡಿ ಇಟ್ಟ! ಏನ ಹೇಳ್ರಿ, ದೇಶಕ್ಕೊಂದ ಹಂಡಿ!"

"ಹಂಗ ಅನ್ರಿ" ಅಂದರು ಮಾಸ್ತರರು, ನಗುತ್ತ.

ಟಿವಿಯಲ್ಲಿ ಕೆಂಪಿಗೆ ಹಸಿರು ಕೂಡಿಸಿದರೆ ಹಳದಿ ಬರುತ್ತದೆ ಎಂದು ಇನ್ನೊಂದು ದಿನ ಮಾಸ್ತರರು ಹೇಳಿಬಿಟ್ಟರು. ಕಾಕಾ ಒಳಗೆ ಹೋಗಿ ಬಟ್ಟಲಿನಲ್ಲಿ ಎರಡೂ ಪುಡಿ ಕಲಸಿ, ಕುಚ್ಚು ಅದ್ದಿ, ಒಣಗಿಸಿ ತಂದು ಮಾಸ್ತರರ ಮೂಗಿನ ಮುಂದೆ ಹಿಡಿದರು. "ನೋಡ್ರಿ. ಸೆಗಣಿ. ಎಲ್ಲೈತಿ ಹಳದಿ?" ಅದು ಬೆಳಕು, ಇದು ನೀರು ಎಂದರು ಮಾಸ್ತರರು. ಕಾಕಾ ಒಪ್ಪಲಿಲ್ಲ, ಬಿಡಲೂ ಇಲ್ಲ. ವಾರವಿಡೀ ಆ ಸೆಗಣಿ ಬಣ್ಣದ ಕುಚ್ಚೇ ಕಿವಿ ಮೇಲೆ.

ಇಷ್ಟು ಕೇಳುತ್ತಿದ್ದ ಕಾಕಾ ಒಂದನ್ನು ಮಾತ್ರ ಯಾರಿಗೂ ಕೇಳಿರಲಿಲ್ಲ. ದೀಪಾವಳಿಯಿಂದ ಈಚೆಗೆ ಅವರ ಬಣ್ಣ ಕೆಡುತ್ತಿತ್ತು. ಎಲ್ಲ ಬಣ್ಣ ಅಲ್ಲ. ಕೆಂಪು ಸರಿ, ಹಳದಿ ಸರಿ. ಆಕಾಶ ನೀಲಿ ಹೇಳಿದರೆ ದವತಿಯ ಮಸಿ ಬರುತ್ತಿತ್ತು. ಗಳಕ್ಕೆ ಹಾಕುವವಳು ನಾನು, ನನಗೆ ಕಾಣುತ್ತಿತ್ತು. ಬಣ್ಣದ ವಿಷಯ ಮಾತಾಡುವುದು ನನ್ನ ಕೆಲಸ ಅಲ್ಲ ಅಂತ ಸುಮ್ಮನಿದ್ದೆ. ಸಾವ್ಕಾರರು ಎರಡು ಸಲ ಲಡಿ ತಿರುಗಿ ಕಳಿಸಿದರು. ಕಾಕಾ ಪುಡಿ ಕೊಟ್ಟ ಅಂಗಡಿಯವನನ್ನು ಬೈದರು, ನೀರನ್ನು ಬೈದರು.

ಅಷ್ಟರಲ್ಲಿ ಸಾವ್ಕಾರರ ಮನೆಗೆ ಬಣ್ಣದ ಟಿವಿ ಬಂತು. ರವಿವಾರ ಸಂಜೆ ಓಣಿಯೆಲ್ಲ ಅವರ ಪಡಸಾಲೆಯಲ್ಲಿ. ಗಂಡಸರು ಜಮಖಾನೆ ಮೇಲೆ, ಹೆಂಗಸರು ಅಡುಗೆಮನೆ ಬಾಗಿಲಲ್ಲಿ. ಬಣ್ಣದ ವಿಷಯ ಅಂತ ಕಾಕಾನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ನನ್ನ ಗಂಡ ಮಾಳಿಗೆ ಮೇಲೆ ಆಂಟೆನಾ ಹಿಡಿದು ನಿಂತಿದ್ದ. ಅಲ್ಲಿಂದ ಕೂಗುವುದು, ಇಲ್ಲಿಂದ ಕೂಗುವುದು.

"ಬಂತೇನ್ರೀ?"

"ಬಂತು, ಬಂತು! ಅಲ್ಲೇ ಹಿಡಿ!"

"ಈಗ?"

"ಹೋತು! ಏನ ಮಾಡಿದೀಲೇ?"

"ನಾ ಏನೂ ಮಾಡಿಲ್ರೀ, ಕಾಗಿ ಕುಂತೈತಿ!"

"ಅದನ್ನ ಹಾರಸು, ನೀ ಹಾರಬ್ಯಾಡ!"

ಇರುವೆ ಹರಿದ ಹಾಗಿದ್ದ ಗಾಜು ಒಮ್ಮೆಲೇ ತಿಳಿಯಾಯಿತು. ಮುಂದೆ ಏನು ತೋರಿಸುತ್ತೇವೆ ಎಂದು ಹೇಳುವ ಹೆಣ್ಣುಮಗಳು ಬಂದಳು. ಸೀರೆ ಉಟ್ಟಿದ್ದಳು. ಹಣೆ ಮೇಲೆ ಕುಂಕುಮ ಕೆಂಪಗೆ ಕಂಡಿತು. ನನ್ನ ಪಕ್ಕದ ಮುದುಕಿ, "ಯವ್ವಾ, ಖರೇ ಹೆಣ್ಣಮಗಳ ಅದಾಳ" ಅಂದಳು.

ಕಾಕಾ ಮುಂದೆ ಬಾಗಿ ನೋಡಿದರು. ಹಿಂದೆ ಸರಿದು ನೋಡಿದರು.

"ನೀಲಿ ಕಡಿಮಿ ಬಿದ್ದೈತ್ರಿ" ಅಂದರು.

"ಏನಂದ್ರಿ ಕಾಕಾ?" ಸಾವ್ಕಾರರು ಕೇಳಿದರು.

"ಉಪ್ಪು ಸಾಲದ ಹಂಡಿ ಆಗೇತ್ರಿ ಇದು. ಗುಂಡಿ ಇದ್ರ ತಿರುವ್ರಿ."

ಸಾವ್ಕಾರರು ತಿರುವಿದರು. "ಇನ್ನೊಂಚೂರ" ಅಂದರು ಕಾಕಾ. ಮತ್ತೆ ತಿರುವಿದರು. "ಇನ್ನೊಂಚೂರ."

ಸಾವ್ಕಾರ್ತಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಸಾಕ್ರಿ ಕಾಕಾ! ಅಕಿ ಮಾರಿ ಬ್ಯಾಡಗಿ ಮೆಣಸಿನಕಾಯಿ ಆಗೇತಿ. ಇನ್ನೊಂಚೂರ ಅಂದ್ರ ಸಿಡದು ನಮ್ಮ ಮ್ಯಾಲ ಬೀಳತಾಳ!"

ಎಲ್ಲರೂ ನಕ್ಕರು. ಕಾಕಾ ಹೊರಳಿ ನಗುವವರ ಮುಖಗಳನ್ನು ನೋಡಿದರು. ಆಮೇಲೆ ತಾವೂ ನಕ್ಕರು. ಆ ನಗು ತಡವಾಗಿ ಬಂತು. ನಾನು ನೋಡಿದೆ.

ಮುಂದೆ ನಡೆದದ್ದು ನಮ್ಮ ಊರಿನವರು ಮಾತ್ರ ಮಾಡಬಹುದಾದ ದಡ್ಡತನ. ಕಾಕಾ ಮಾಸ್ತರರಿಗೆ, "ನಮ್ಮ ದೇಶದ ಹಂಡ್ಯಾಗ ನೀಲಿ ಕಡಿಮಿ ಹಾಕ್ಯಾರ್ರಿ. ಜಪಾನದಾಗ ಹಿಂಗ ಇರಲಿಕ್ಕಿಲ್ಲ" ಅಂದರು. ಮಾಸ್ತರರು ಯೋಚಿಸಿ, "ಹೊಸಾದಲ್ರಿ, ಇದ್ರೂ ಇರಬಹುದು" ಅಂದರು. ಬಣ್ಣದ ವಿಷಯದಲ್ಲಿ ಕಾಕಾನ ಮಾತಿಗೆ ನಮ್ಮ ಓಣಿಯಲ್ಲಿ ಎದುರಿಲ್ಲ. ಬೆಳಗಾಗುವಷ್ಟರಲ್ಲಿ ದಿಲ್ಲಿಯವರು ನೀಲಿ ಉಳಿಸುತ್ತಿದ್ದಾರೆ ಎಂಬುದು ಬಾವಿ ಕಟ್ಟೆಯ ತನಕ ಹೋಗಿತ್ತು. ತಮ್ಮ ಕಣ್ಣಿಗೆ ಸರಿಯಾಗಿ ಕಂಡವರೂ "ಹೌದು ಹೌದು, ಮಬ್ಬ ಇತ್ತು" ಅಂದರು. ನನ್ನ ಗಂಡ ಟಿವಿ ನೋಡಿಯೇ ಇರಲಿಲ್ಲ, ಅವನೂ ಹೇಳಿದ.

ಸಾವ್ಕಾರರಿಗೆ ಮಾತ್ರ ವ್ಯಾಪಾರದ ಚಿಂತೆ. ಅದೇ ಸಂಜೆ ಬಾಗಿಲಲ್ಲಿ ಕಾಕಾನನ್ನು ನಿಲ್ಲಿಸಿ ಹೇಳಿದ್ದರು. "ಅಕಿ ಉಟ್ಟ ಸೀರಿ ಬಣ್ಣ ನನಗ ಬೇಕು. ಲಗ್ನದ ಹಂಗಾಮ ಬಂತು. ಬರೂ ರವಿವಾರ ಮುಂಜಾನಿ ಲಡಿ ನೋಡಾಕ ಬರತೀನಿ. ಸಿಟ್ಟಾಗಬ್ಯಾಡ್ರಿ ಕಾಕಾ, ಇದೂ ಕೆಟ್ಟರ ನೂಲು ರಬಕವಿ ಬಣ್ಣಗಾರರಿಗೆ ಕಳಸ್ತೀನಿ."

ಸಾವ್ಕಾರರ ನೂಲು ಹೋದರೆ ಕಾಕಾನ ಒಲೆ ಆರುತ್ತದೆ. ನನ್ನ ಕೂಲಿಯೂ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಕಾಕಾ ಹಂಡೆ ಹೂಡಿದರು. ಮೊದಲ ಲಡಿಯನ್ನು ನಾನು ಗಳಕ್ಕೆ ಹಾಕಿದೆ. ಮರುದಿನ ಅದು ಒಣಗಿ ಬಿಸಿಲಲ್ಲಿ ತೂಗುತ್ತಿತ್ತು. ಕಾಕಾ ಗಳದ ಹತ್ತಿರ ಬಂದು ನಿಂತರು. ಆಮೇಲೆ ನನ್ನನ್ನು ಕೇಳಿದರು. ಅಷ್ಟು ವರ್ಷದಲ್ಲಿ ಬಣ್ಣದ ಬಗ್ಗೆ ನನ್ನನ್ನು ಕೇಳಿದ್ದು ಅದೇ ಮೊದಲು.

"ಆ ಹೆಣ್ಣಮಗಳ ಸೀರಿ ಯಾವ ಬಣ್ಣ ಇತ್ತ ಬೇ?"

"ಬದನಿ ಹೂವಿನ ಬಣ್ಣ ಇತ್ರಿ."

"ಇದು?"

"ಇದು ಬದನಿಕಾಯಿ."

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಕಾಕಾ ಲಡಿಯನ್ನು ಕೈಯಲ್ಲಿ ಹಿಡಿದರು, ಬಿಟ್ಟರು.

"ನನಗ ಅಕಿ ಸೀರಿ ಬೂದಿ ಕಂಡಿತ್ತು. ಬೂದಿ ಬಣ್ಣದ ಸೀರಿ ಉಟಗೊಂಡ ಟಿವ್ಯಾಗ ಯಾರ ಬರತಾರ? ಅದಕ್ಕ ನೀಲಿ ಕಡಿಮಿ ಬಿದ್ದೈತಿ ಅಂತ ತಿಳಕೊಂಡೆ."

"ದಿಲ್ಲಿಯವರು ಕಡಿಮಿ ಹಾಕಿಲ್ರಿ ಕಾಕಾ. ನಿಮ್ಮ ಕಣ್ಣಾಗ ಕಡಿಮಿ ಆಗೇತಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಲ್ಲಿನ ಮೇಲೆ ಕೂತರು. ಆಮೇಲೆ ಒಂದೊಂದೇ ಕೇಳತೊಡಗಿದರು.

"ಮುಗಿಲು?"

"ನೀಲಿ."

"ನನಗ ಗೋಣಿ ಚೀಲ. ನಿನ್ನ ಕುಬಸಾ?"

"ನೇರಳಿ."

"ಮಣ್ಣು. ಆ ಬಾಗಲಾ?"

"ಹಸರು."

"ಅದು ಹಸರ ಐತಿ, ಆದ್ರ ಒಣಗಿದ್ದು. ಕುಂಕುಮ ಸರಿ ಐತಿ. ಅರಿಷಿಣ ಸರಿ ಐತಿ." ಬೆರಳು ಮಡಿಚಿ ಎಣಿಸಿ ಹೇಳಿದರು: "ನೀಲಿ ಒಂದ ಹೋಗೇತಿ. ಅದ ಮದ್ಲ ಯಾಕ ಹೋತು?"

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಇವರು ತಮ್ಮ ಕಣ್ಣನ್ನೇ ಹೊಸ ಪುಡಿಯ ಹಾಗೆ ಪರೀಕ್ಷೆ ಮಾಡಿದರು. ಹಿತ್ತಲಿನಲ್ಲಿದ್ದ ಒಂದೊಂದು ವಸ್ತುವನ್ನೂ ಕೇಳಿದರು, ಕೋಳಿಯನ್ನೂ ಬಿಡಲಿಲ್ಲ. ಮುಗಿದ ಮೇಲೆ ಎದ್ದು ಹಂಡೆಯ ಹತ್ತಿರ ಹೋಗಿ ಅಲ್ಲಿಂದ ಕರೆದರು.

"ಬಾ ಇಲ್ಲೆ. ಬಗ್ಗಿ ನೋಡು."

ನಾನು ಕಲ್ಲಿನ ಈಚೆಯೇ ನಿಂತೆ. "ನಾ ಹೆಂಗ ಬರ್ಲಿ? ಬಣ್ಣ ಒಡದ್ರ?"

"ಒಡದ್ರ ಒಡೀಲಿ. ಈಗ ಏನ ನೆಟ್ಟಗೈತಿ?"

ಒಳಗಿನಿಂದ ಕಾಕು ಓಡಿ ಬಂದಳು. "ಅಲ್ಲ, ನಿಮಗ ತಲಿ ಸರಿ ಐತೇನು? ಮಾಂವ ಇದ್ದಿದ್ರ ನಿಮ್ಮ ಕಾಲ ಮುರೀತಿದ್ದಾ!"

"ನಮ್ಮಪ್ಪನ ಕಣ್ಣ ಛಲೋ ಇದ್ದೂ. ಅಂವಗ ನೇಮ ನಡೀತು. ನೀ ಒಳಗ ಹೋಗು."

ದಾಟಿದೆ. ಹಂಡೆಗೆ ಬಗ್ಗಿದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಒಳಗೆ ಬರೀ ಕಪ್ಪು ನೀರು. ಬಣ್ಣ ಅಲ್ಲಿ ಕಾಣುವುದಿಲ್ಲ, ನೂಲಿನ ಮೇಲೆ ಮಾತ್ರ ಕಾಣುತ್ತದೆ ಎಂದು ಆವತ್ತೇ ಗೊತ್ತಾದದ್ದು. ಇಷ್ಟು ವರ್ಷ ಇದನ್ನು ನೋಡಬಾರದು ಅಂತ ಹೆದರಿಸಿದ್ದರಲ್ಲ ಅನ್ನಿಸಿತು.

ಪುಡಿ ಅಳೆಯುವುದು, ಉಪ್ಪು ಯಾವಾಗ, ಕೋಲಿನಿಂದ ಲಡಿ ಹೇಗೆ ಹೊರಳಿಸಬೇಕು, ಇವೆಲ್ಲ ಕಾಕಾನ ಕೈಯಲ್ಲಿ. ಕಣ್ಣು ನನ್ನದು. ಕುಚ್ಚು ಅದ್ದಿ ಎತ್ತುವರು, ನಾನು ಸಾಕು, ಬೇಕು ಅನ್ನಬೇಕು. ಮೊದಲ ಸಲ ನಾನು "ಇದ, ಇದ ಬಣ್ಣ" ಅಂತ ಕೂಗಿದೆ. ಒಣಗಿದ ಮೇಲೆ ನೋಡಿದರೆ ನೀರು ಬೆರೆಸಿದ ಹಾಲು. ಕಾಕಾ ಹೇಳಿದರು: "ಹಸೀದು ಸುಳ್ಳ ಹೇಳತೈತಿ. ಒಣಗಿದ ಮ್ಯಾಲ ಕೇಳು." ಎರಡನೆಯದು ಮೇಲಾಯಿತು. ಮತ್ತೆ ಮಾಡಿದೆವು. ಮಾಸ್ತರರ ಹಿತ್ತಲಲ್ಲಿ ಬದನೆ ಗಿಡ ಇತ್ತು. ಅಲ್ಲಿಂದ ಒಂದು ಹೂ ಕಿತ್ತು ತಂದು ಕುಚ್ಚಿನ ಪಕ್ಕ ಬಿಸಿಲಿಗೆ ಹಿಡಿದೆ. ಹೂವು ಬೇಗ ಬಾಡುತ್ತದೆ, ಬಾಡಿದರೆ ಬಣ್ಣ ಬದಲಾಗುತ್ತದೆ. ಮಾಸ್ತರರ ಹೆಂಡತಿ, "ಏನ ಬೇ, ಬದನಿಕಾಯಿ ತಿನ್ನೂದ ಬ್ಯಾಡೇನ ನಾವು?" ಎಂದು ಜಗಳಕ್ಕೆ ಬಂದಳು. ಶನಿವಾರದ ಹೊತ್ತಿಗೆ ಆ ಗಿಡದಲ್ಲಿ ಹೂ ಉಳಿದಿರಲಿಲ್ಲ. ಲಡಿ ಗಳದ ಮೇಲಿತ್ತು.

ರವಿವಾರ ಬೆಳಿಗ್ಗೆ ಸಾವ್ಕಾರರು ಬಂದರು, ಜೊತೆಗೆ ಸಾವ್ಕಾರ್ತಿಯೂ ಬಂದರು. ಸಾವ್ಕಾರರು ಲಡಿ ನೋಡಿ ಮುಖ ಗಂಟು ಹಾಕಿದರು.

"ಟಿವ್ಯಾಗ ಇನ್ನಾ ಗಾಢ ಇತ್ತಲ್ಲ."

"ಗಾಢ ಇದ್ದದ್ದು ಗುಂಡಿ ತಿರುವಿದ ಮ್ಯಾಲ" ಅಂದರು ಸಾವ್ಕಾರ್ತಿ. ಲಡಿಯನ್ನು ತಮ್ಮ ತೋಳಿನ ಮೇಲೆ ಹಾಕಿಕೊಂಡು ಬಿಸಿಲಿಗೆ ಹೋಗಿ ನಿಂತರು, ಹೊರಳಿದರು. "ಟಿವ್ಯಾಗಿಂದು ಇದ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಆದ್ರ ನಾ ಉಡತೀನಿ ಇದನ್ನ."

ಸಾವ್ಕಾರರ ಮುಖ ಸಡಿಲಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಕಾಕಾ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅವರು ಬಾಯಿ ತೆರೆದರು.

"ಸಾವ್ಕಾರ್ರ, ಒಂದ ಮಾತು. ಈ ಬಣ್ಣ ನಾ ನೋಡಿ ಮಾಡಿದ್ದಲ್ಲ. ನನಗ ನೀಲಿ ಕಾಣಂಗಿಲ್ಲ. ಈಕಿ ನೋಡಿ ಮಾಡ್ಯಾಳ."

ಈ ಮುದುಕ ಇಬ್ಬರ ಹೊಟ್ಟೆಗೂ ಕಲ್ಲು ಹಾಕಿದ ಅಂದುಕೊಂಡೆ. ಸಾವ್ಕಾರರು ನನ್ನನ್ನು ನೋಡಿದರು, ಹಂಡೆಯನ್ನು ನೋಡಿದರು.

"ಹಂಡಿಗೆ ಹೆಂಗಸು ಬಗ್ಗಿದ್ಳಾ?"

"ಬಗ್ಗಿದ್ಳು."

"ಮತ್ತ ಈ ಬಣ್ಣ ನಿಂದರತೈತೇನು?"

"ತೊಳದ ನೋಡ್ರಿ."

ಕಾಕು ಬಕೇಟಿನಲ್ಲಿ ನೀರು ತಂದಿಟ್ಟಳು. ಸಾವ್ಕಾರರು ತಾವೇ ತೋಳು ಏರಿಸಿ ಲಡಿ ಅದ್ದಿ ಹಿಂಡಿದರು. ಮತ್ತೆ ಅದ್ದಿದರು, ಸೋಪು ಹಾಕಿ ತಿಕ್ಕಿದರು. ನೀರು ತಂದಾಗಿನ ಹಾಗೆಯೇ ತಿಳಿಯಾಗಿತ್ತು. ಕಾಕು ಬಗ್ಗಿ ಬಕೇಟು ನೋಡಿ, "ನಮ್ಮ ಮಾಂವ ಸುಳ್ಳ ಹೇಳಿದ್ನೇನ ಹಂಗಾರ?" ಅಂದಳು.

"ಆತು" ಅಂದರು ಸಾವ್ಕಾರರು ಕೈ ಒರೆಸಿಕೊಳ್ಳುತ್ತ. "ಯಾರ ಕಣ್ಣರೆ ಇರಲಿ. ಆದ್ರ ಹೊರಗ ಹೆಸರು ಕಾಕಾಂದ ಇರಲಿ. ಹೆಂಗಸಿನ ಹಂಡಿ ಅಂತ ಸುದ್ದಿ ಆದ್ರ ಗಿರಾಕಿ ಮೂಗು ಮುರೀತಾರ."

ನಾನು ಒಪ್ಪಿದೆ. ಹೆಸರು ತಿನ್ನಲು ಬರುವುದಿಲ್ಲ, ಕೂಲಿ ಬರುತ್ತದೆ. ಆ ಸೀರೆ ಜಮಖಂಡಿ, ಮುಧೋಳ, ಬೀಳಗಿ ಪೇಟೆಯಲ್ಲೆಲ್ಲ "ಟಿವಿ ಸೀರಿ" ಅಂತ ಮಾರಾಟವಾಯಿತು. ಕಾಕಾನಿಗೆ ಮಾತ್ರ ಒಂದು ಹುಳು ಹೊಕ್ಕಿತ್ತು. "ದಿಲ್ಲ್ಯಾಗ ಆ ಹೆಣ್ಣಮಗಳ ಮೈಮ್ಯಾಲ ಆ ಸೀರಿ ಖರೇ ಯಾವ ಬಣ್ಣ ಇತ್ತೋ? ಅಲ್ಲಿಂದ ಹೊರಡೂಮುಂದ ಒಂದು, ಸಾವ್ಕಾರ್ರ ಮನ್ಯಾಗ ಒಂದು, ನನ್ನ ಕಣ್ಣಾಗ ಒಂದು, ನಿನ್ನ ಕಣ್ಣಾಗ ಒಂದು." ನನಗೆ ಇಂದಿಗೂ ಗೊತ್ತಿಲ್ಲ.

ಮರುವರ್ಷ ಜಮಖಂಡಿಯಲ್ಲಿ ಕಣ್ಣಿನ ಶಿಬಿರ ಆಯಿತು. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಬಾಟಲಿ ತಳದಂಥ ಚಸ್ಮಾ ಹಾಕಿಕೊಂಡು ಬಂದರು. ಬಸ್ಸಿನಿಂದ ಇಳಿದವರು ಮನೆಗೆ ಬರಲಿಲ್ಲ, ನೇರ ಸಾವ್ಕಾರರ ಮನೆಗೆ ಹೋದರು. ಕಾಕು ಆರತಿ ತಟ್ಟೆ ಹಿಡಿದು ಹಿಂದೆ ಓಡಿದಳು, ಅವಳ ಹಿಂದೆ ನಾವು. ಕಾಕಾ ಟಿವಿಯ ಗಾಜಿಗೆ ಮೂಗು ಹಚ್ಚಿ ನಿಂತಿದ್ದರು.

"ಕಾಕಾ, ಒಳಗ ಹೊಕ್ಕೀರಿ!" ಅಂದರು ಸಾವ್ಕಾರ್ತಿ.

"ತಡೀರಿ ತಂಗಿ. ಇಲ್ಲಿ ಸಣ್ಣ ಸಣ್ಣ ಕಾಳ ಅದಾವ. ಕೆಂಪು, ಹಸರು, ನೀಲಿ. ಬ್ಯಾರೇ ಏನೂ ಇಲ್ಲ. ಅಕಿ ಮಾರಿ ಮ್ಯಾಲೂ ಅವ, ಸೀರಿ ಮ್ಯಾಲೂ ಅವ! ಯವ್ವಾ, ಮಾಸ್ತರನ್ನ ಕರೀರಿ!" ಮಾಸ್ತರರು ಓಡಿ ಬಂದಾಗ ಕಾಕಾ ಹಿಂದೆ ಸರಿದು ಹೇಳಿದರು: "ಹಳದಿ ಬಗ್ಗೆ ನೀವು ಹೇಳಿದ್ದ ಖರೇರಿ. ಆದ್ರ ಒಂದ ಕೇಳತೀನಿ. ಈಗ ನೀಲಿ ಭಾಳ ಆಗೇತಿ. ಹೋದ ವರ್ಷ ಉಳಿಸಿದ್ದನ್ನೂ ದಿಲ್ಲಿಯವರು ಈಗ ಕೂಡಿಸಿ ಹಾಕ್ಯಾರೇನು?"

ಆವತ್ತು ನಕ್ಕಷ್ಟು ಕಾಕಾ ಮತ್ತೆಂದೂ ನಕ್ಕದ್ದನ್ನು ನಾನು ನೋಡಿಲ್ಲ.

ಕಣ್ಣು ಬಂತು, ಇನ್ನು ಹಂಡೆ ತಿರುಗಿ ತೆಗೆದುಕೊಳ್ಳುತ್ತಾರೆ ಅಂದುಕೊಂಡು ನಾನು ಮೊದಲಿನ ಹಾಗೆ ಕಲ್ಲಿನ ಈಚೆ ನಿಂತೆ. ಕಾಕಾ ರೇಗಿದರು. "ಅಲ್ಲ್ಯಾಕ ನಿಂತಿ? ನನಗ ಒಂದ ಕಣ್ಣಾಗ ಬೂದಿ, ಒಂದ ಕಣ್ಣಾಗ ಕಣ್ಣ ಕುಕ್ಕು ನೀಲಿ. ಎರಡರಾಗ ಖರೇ ಯಾವುದಂತ ನಿನ್ನ ಕೇಳಬೇಕು." ಇದು ಪೂರ್ತಿ ನಿಜ ಇರಲಿಕ್ಕಿಲ್ಲ. ಅವರು ಬೇಕೆಂದಿದ್ದರೆ ಮಾಡಬಹುದಿತ್ತು. ಮಾಡಲಿಲ್ಲ. ಅಲ್ಲಿಂದ ಮುಂದೆ ಅಳತೆ, ಉಪ್ಪು, ಕೋಲು ಎಲ್ಲ ಒಂದೊಂದಾಗಿ ನನ್ನ ಕೈಗೆ ಬಿಟ್ಟರು. ತಪ್ಪಿದರೆ ಓಣಿಗೆ ಕೇಳುವಂತೆ ಬೈದರು. ಮಾಡಿದ್ದು ಸರಿ ಬಂದರೆ ಕಟ್ಟೆಗೆ ಹೋಗಿ ಕೂತು ಹೋಗುವವರು ಬರುವವರಿಗೆ ಏನಾದರೂ ಪ್ರಶ್ನೆ ಕೇಳುತ್ತಿದ್ದರು. ನನ್ನ ಮಕ್ಕಳು ಉಂಡದ್ದು, ಓದಿದ್ದು, ನಾನು ಸೂರು ಹಾಕಿಸಿಕೊಂಡದ್ದು ಆ ಹಂಡೆಯಿಂದ. ದೇವರ ಋಣ ಅಂತ ಜನ ಹೇಳುತ್ತಾರೆ. ನನಗೆ ದೇವರು ಉಪ್ಪಿನ ಅಳತೆ ಹೇಳಿಕೊಡಲಿಲ್ಲ.

ಕಾಕಾ ತೀರಿಕೊಂಡದ್ದು ಒಂದು ಮಧ್ಯಾಹ್ನ. ಅಷ್ಟೊತ್ತಿಗೆ ನಮ್ಮ ಓಣಿಯಲ್ಲಿ ಬಣ್ಣದ ಟಿವಿ ಇಲ್ಲದ ಮನೆಗಳೇ ಕಡಿಮೆ. ಹಿತ್ತಲಲ್ಲಿ ಹೊರಸಿನ ಮೇಲೆ ಮಲಗಿದ್ದರು. ಜ್ವರ ಇತ್ತು. ಮಾಸ್ತರರು ಪಕ್ಕದಲ್ಲಿ ಕೂತಿದ್ದರು. "ಇನ್ನಾ ಬಣ್ಣ ಬರದ ದೇಶ ಯಾವುದರೆ ಉಳದೈತೇನ್ರಿ?" ಅಂತ ಕಾಕಾ ಕೇಳಿದರು. ಮಾಸ್ತರರು, "ನೋಡಿ ಹೇಳತೀನಿ ಕಾಕಾ" ಎಂದು ಪುಸ್ತಕ ತರಲು ಮನೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ಆಗಿಹೋಗಿತ್ತು. ಓಣಿಯ ಮಗ್ಗಗಳೆಲ್ಲ ನಿಂತವು. ಸಂಜೆಗೆ ಮಣ್ಣು ಮಾಡಿ ಬಂದೆವು. ನಾನು ಸ್ನಾನ ಮಾಡಿ, ರೊಟ್ಟಿ ತಿಂದು ಮಲಗಿದೆ.

ಮರುದಿನ ಬೆಳಗಾಗುತ್ತಲೇ ಸಾವ್ಕಾರರ ಮನೆಗೆ ಹೋದೆ. ಅವರು ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ಬಣ್ಣಕ್ಕೆ ಹೋಗಬೇಕಾದ ನೂಲಿನ ಗಂಟು ಕಟ್ಟೆಯ ಮೇಲಿತ್ತು.

"ಕಾಕಾ ಹೋದ್ರಲ್ಲ ಬೇ" ಅಂದರು. "ನಾಕ ದಿನ ತಡಿ. ಹೆಸರಿಗೆ ಗಂಡಸರನ್ನ ಯಾರನ್ನರೆ ನೋಡೂಣು."

"ಹೆಸರಿಗೂ ನಾನ ಅದೀನ್ರಿ" ಅಂದೆ. "ಗಿರಾಕಿ ಕೇಳಿದ್ರ ನನ್ನ ಹೆಸರ ಹೇಳ್ರಿ."

ಸಾವ್ಕಾರರ ಬಾಯಿ ತುಂಬ ಹಲ್ಲುಪುಡಿ ಇತ್ತು. ಅವರು ಉಗಿದು, ಬಾಯಿ ಮುಕ್ಕಳಿಸಿ ಏನಾದರೂ ಹೇಳುವ ಮೊದಲು ನಾನು ಗಂಟು ಎತ್ತಿ ತಲೆ ಮೇಲೆ ಇಟ್ಟುಕೊಂಡು ಹೊರಟೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಮನೆಗೆ ಬಂದು ನೂಲು ನೆನೆಹಾಕಿದೆ.